ಹಳೆಯ ನಾಣ್ಯವೂ ಹೊಸ ಹರಾಜೂ

ಹರಾಜೆಂಬುದು ಕೋಲಾರದ ಸೀಮೆಯವರಿಗೆ ಹೊಸ ವಿಷಯವಲ್ಲ. ಶ್ರೀನಿವಾಸಪುರದ ಮಂಡಿಗೆ ಮಾವಿನ ಹಣ್ಣು ಹೇರಿಕೊಂಡು ಹೋದವರು, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಯ ಗೂಡನ್ನು ಸುರಿದು ರೀಲರುಗಳ ಮುಖ ನೋಡುತ್ತ ನಿಂತವರು, ಊರ ಹುಣಸೆಯ ಫಸಲನ್ನು ಪಂಚಾಯಿತಿಯ ಮುಂದೆ ಕೂಗಿ ಹಿಡಿದವರು, ಕಷ್ಟಕಾಲದಲ್ಲಿ ತಿಂಗಳ ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಿಕೊಂಡ ಗೃಹಿಣಿಯರು, ಇವರೆಲ್ಲರೂ ಸವಾಲಿನ ಬಿಸಿಯನ್ನು ಬಲ್ಲವರೇ. ಹೆಸರಿನಲ್ಲಿ ಮಾತ್ರ ಪ್ರಾಂತಭೇದವುಂಟು. ನಾವು ಹರಾಜು ಎನ್ನುವುದನ್ನು ಧಾರವಾಡದ ಕಡೆಯವರು ಲಿಲಾವು ಎಂದೂ ಕರಾವಳಿಯವರು ಏಲಂ ಎಂದೂ ಕರೆಯುವರು. ಮೊದಲನೆಯದು ಅರಬ್ಬೀ ನುಡಿಯಿಂದ ಬಂದುದು. ಉಳಿದೆರಡೂ ಪೋರ್ಚುಗೀಸರ ಒಂದೇ ಶಬ್ದದಿಂದ ಹುಟ್ಟಿದುವು.

ಹೊಸದಾಗಿರುವುದು ಹರಾಜಿನ ಕಟ್ಟೆ ಮಾತ್ರ. ಮಂಡಿಗೆ ಹೋಗದೆ, ದಲ್ಲಾಳಿಯ ಮುಖ ನೋಡದೆ, ಮನೆಯ ಜಗಲಿಯ ಮೇಲೆ ಕುಳಿತು ಕೈಯಲ್ಲಿನ ಮೊಬೈಲಿನಿಂದಲೇ ಒಂದು ಹಳೆಯ ನಾಣ್ಯವನ್ನೋ ಅಂಚೆಯ ಚೀಟಿಯನ್ನೋ ಅಂತರಜಾಲದ ಹರಾಜಿನಲ್ಲಿ ಇಡಬಹುದಾದ ಕಾಲ ಬಂದಿದೆ. ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಹೋಬಳಿಯಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ಒಂದು ತಗಡಿನ ಡಬ್ಬಿ. ಅದರೊಳಗೆ ವರಮಹಾಲಕ್ಷ್ಮಿಯ ಪೂಜೆಗೆ ಇಡುತ್ತಿದ್ದ ನಾಲ್ಕು ಬೆಳ್ಳಿಯ ರೂಪಾಯಿಗಳು, ಆನೆಯ ಮುದ್ರೆಯುಳ್ಳ ಹತ್ತಾರು ತಾಮ್ರದ ಕಾಸುಗಳು, ಟ್ರ್ಯಾಕ್ಟರಿನ ಚಿತ್ರವಿರುವ ಎರಡು ಐದು ರೂಪಾಯಿಯ ನೋಟುಗಳು. ಮೊಮ್ಮಗನ ಮೊಬೈಲಿಗೆ, ಇಂಥ ನೋಟೊಂದಕ್ಕೆ ಲಕ್ಷಗಟ್ಟಲೆ ಹಣ ಬರುವುದೆಂಬ ಸಂದೇಶ ಬರುತ್ತದೆ. ಅಲ್ಲಿಂದಾಚೆಗೆ ಆ ಮನೆಯ ಲಾಭನಷ್ಟಗಳೆರಡೂ ಒಂದೇ ಸಂಗತಿಯ ಮೇಲೆ ನಿಲ್ಲುವುವು: ಕೊಳ್ಳಬಂದವನಾರು, ಬರಿದೆ ಬಂದವನಾರು ಎಂಬುದನ್ನು ಮನೆಯವರು ಬಲ್ಲರೇ?

ಈ ಹೊಸ ಹರಾಜಿನ ವಯಸ್ಸು ಹೆಚ್ಚಿನದಲ್ಲ. ೧೯೯೫ರಲ್ಲಿ ಅಮೆರಿಕದಲ್ಲಿ ಪಿಯೆರ್ ಓಮಿಡ್ಯಾರ್ ಎಂಬಾತನು ಹೂಡಿದ ಅಂತರಜಾಲದ ಹರಾಜಿನ ಕಟ್ಟೆಯೇ ಮುಂದೆ ಈಬೇ ಎಂದು ಹೆಸರಾಯಿತು. ಅಲ್ಲಿ ಮೊದಲು ಮಾರಾಟವಾದುದು ಕೆಟ್ಟುಹೋಗಿದ್ದ ಒಂದು ಲೇಸರಿನ ಕಡ್ಡಿ. ಬಂದ ಬೆಲೆ ೧೪ ಡಾಲರು ೮೩ ಸೆಂಟು. ಕೆಟ್ಟ ಲೇಸರು ಕಡ್ಡಿಗಳನ್ನು ಕೂಡಿಡುವುದೇ ಕೊಂಡಾತನ ಹವ್ಯಾಸವಾಗಿದ್ದಿತಂತೆ! ನಮ್ಮ ದೇಶದಲ್ಲಿ ೨೦೦೦ದಲ್ಲಿ ಬಾಜೀ ಎಂಬ ಹೆಸರಿನ ಕಟ್ಟೆ ತೆರೆಯಿತು. ೨೦೦೪ರಲ್ಲಿ ಅದನ್ನು ಈಬೇ ಕೊಂಡಿತು. ೨೦೧೮ರ ಆಗಸ್ಟಿನಲ್ಲಿ ಈಬೇಯ ಭಾರತದ ಕಟ್ಟೆಯೂ ಮುಚ್ಚಿತು. ಬೆಂಗಳೂರಿನ ಮರುಧರ ಆರ್ಟ್ಸ್, ಮುಂಬಯಿಯ ತೋಡಿವಾಲಾ ಮುಂತಾದ ಹರಾಜಿನ ಮನೆಗಳು ನಾಣ್ಯ, ನೋಟು, ಪದಕಗಳನ್ನು ಪಟ್ಟಿ ಮಾಡಿ, ಸಭೆಯಲ್ಲಿಯೂ ಅಂತರಜಾಲದಲ್ಲಿಯೂ ಸವಾಲು ಪಡೆದು ಮಾರುವುವು.

ಇದರ ಒಳಮರ್ಮವನ್ನು ತಿಳಿಯಬೇಕಾದರೆ ದನಗಳ ಜಾತ್ರೆಯನ್ನು ನೆನೆದರೆ ಸಾಕು. ಅಲ್ಲಿ ದಲ್ಲಾಳಿಯೂ ಗಿರಾಕಿಯೂ ಟವಲಿನ ಮರೆಯಲ್ಲಿ ಕೈ ಹಿಡಿದು ಬೆರಳುಗಳಿಂದಲೇ ಬೆಲೆಯಾಡುವರಷ್ಟೆ. ಸುತ್ತ ನಿಂತವರಿಗೆ ಮುಖಗಳು ಕಾಣುವುವು, ಬೆಲೆ ಕಾಣದು. ಅಂತರಜಾಲದ ಹಲವು ಹರಾಜುಗಳಲ್ಲಿ ಯಂತ್ರವೇ ಈ ಟವಲು. ಕೊಳ್ಳುವಾತನು ತಾನು ಏರಬಲ್ಲ ಕಟ್ಟಕಡೆಯ ಮೊತ್ತವನ್ನು ಯಂತ್ರಕ್ಕೆ ಗುಟ್ಟಾಗಿ ತಿಳಿಸಿಡುತ್ತಾನೆ. ಯಂತ್ರವು ಆ ಮೊತ್ತವನ್ನು ಬಯಲು ಮಾಡದೆ, ಎದುರಾಳಿಯನ್ನು ಮೀರಿಸಲು ಎಷ್ಟು ಬೇಕೋ ಅಷ್ಟನ್ನೇ ಅವನ ಪರವಾಗಿ ಕೂಗುತ್ತದೆ. ಒಬ್ಬನು ೨,೦೦೦ ರೂಪಾಯಿಯವರೆಗೆ, ಇನ್ನೊಬ್ಬನು ೩,೫೦೦ ರೂಪಾಯಿಯವರೆಗೆ ಏರಲು ಸಿದ್ಧನಿದ್ದು, ಸವಾಲು ನೂರು ನೂರರಂತೆ ಏರುವುದಾದರೆ, ನಾಣ್ಯವು ೨,೧೦೦ಕ್ಕೆ ಎರಡನೆಯವನ ಪಾಲಾಗುವುದು. ಅವನ ಜೇಬಿನಲ್ಲಿದ್ದ ಉಳಿದ ೧,೪೦೦ ಮಾರುವವನಿಗೆ ಕಾಣುವುದೇ ಇಲ್ಲ. ಅಷ್ಟರಲ್ಲಿ ೫,೦೦೦ದವರೆಗೆ ಏರಬಲ್ಲ ಮೂರನೆಯವನೊಬ್ಬನು ಬಂದನೆನ್ನಿ. ಬೆಲೆ ೩,೬೦೦ಕ್ಕೆ ನೆಗೆಯುವುದು.

ಅಮೆರಿಕದ ಅಂಚೆಚೀಟಿಯ ವರ್ತಕರು ದೂರದ ಗಿರಾಕಿಗಳಿಂದ ಕಾಗದದ ಮೂಲಕ ಸವಾಲು ಪಡೆದು, ಎರಡನೆಯವನ ಮೊತ್ತಕ್ಕೆ ತಗಲಿದಂತೆ ಬೆಲೆ ಕಟ್ಟುವ ಈ ಕ್ರಮವನ್ನು ೧೮೯೩ರಷ್ಟು ಹಿಂದೆಯೇ ನಡೆಸಿದ್ದರು. ೧೯೬೧ರಲ್ಲಿ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞನು ಇದರ ತತ್ತ್ವವನ್ನು ಶಾಸ್ತ್ರರೀತ್ಯಾ ವಿವರಿಸಿದನು. ೧೯೯೬ರಲ್ಲಿ ನೊಬೆಲ್ ಬಹುಮಾನವೂ ಅವನಿಗೆ ದೊರೆಯಿತು. ನಮಗೆ ಬೇಕಾದ ಮಾತು ಇಷ್ಟೇ: ಹರಾಜಿನಲ್ಲಿ ಬೆಲೆಯನ್ನು ಕಟ್ಟುವವನು ಗೆದ್ದವನಲ್ಲ, ಸೋತವನು. ಮಾರುವವನ ಜಾಣತನವೆಲ್ಲ ಆ ಎರಡನೆಯವನನ್ನು ಕರೆತರುವುದರಲ್ಲಿ ವೆಚ್ಚವಾಗಬೇಕು.

ಇದಕ್ಕೆ ನಮ್ಮ ಸೀಮೆಗೆ ನಂಟುಳ್ಳ ಒಂದು ನಿದರ್ಶನವಿದೆ. ಹೈದರಾಲಿಯು ಹುಟ್ಟಿದ ಬೂದಿಕೋಟೆ ಕೋಲಾರ ಜಿಲ್ಲೆಯದೇ; ಅವನ ತಂದೆಯ ಗೋರಿಯಿರುವ ಮಕ್ಬರವೂ ಕೋಲಾರದಲ್ಲಿಯೇ ಇದೆ. ಆ ಹೈದರನ ಮಗನಾದ ಟಿಪ್ಪುವಿನ ಶಯನಗೃಹದ ಕತ್ತಿಯನ್ನು ೨೦೨೩ರ ಮೇ ೨೩ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಸಂಸ್ಥೆಯವರು ಹರಾಜಿಗಿಟ್ಟರು. ಅಂದಾಜು ೧೫ರಿಂದ ೨೦ ಲಕ್ಷ ಪೌಂಡು. ದೂರವಾಣಿಯಲ್ಲಿ ಸವಾಲು ಹಾಕುತ್ತಿದ್ದವರು ಒಬ್ಬರನ್ನೊಬ್ಬರು ಬಿಡದೆ ಏರಿದುದರಿಂದ ಅದು ಶುಲ್ಕ ಸಹಿತ ೧,೪೦,೮೦,೯೦೦ ಪೌಂಡುಗಳಿಗೆ ಹೋಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆಯವರು, ಕಾರ್ನ್‌ವಾಲಿಸನ ವಂಶದಲ್ಲಿದ್ದ ಟಿಪ್ಪುವಿನ ಇನ್ನೊಂದು ಕತ್ತಿಯನ್ನು ಅದೇ ಅಂದಾಜಿನ ಮೇಲೆ ಇಟ್ಟರು. ಅದು ಮಾರಾಟವಾಗದೆ ಉಳಿಯಿತು. ಎರಡು ಕತ್ತಿಗಳ ಕುಲಗೋತ್ರಗಳಲ್ಲಿ ತಾರತಮ್ಯವಿದ್ದುದು ನಿಜ. ಆದರೂ ಹೆಸರೊಂದೇ ಬೆಲೆಯನ್ನು ತರುವುದೆಂದು ನಂಬಿ ಕುಳಿತವರು ಈ ಎರಡನೆಯ ಕತ್ತಿಯನ್ನು ಮರೆಯಬಾರದು.

ಹಾಗಾದರೆ ಎರಡನೆಯ ಗಿರಾಕಿಯು ಬರುವುದು ಹೇಗೆ? ಗೂಡಿನ ಮಾರುಕಟ್ಟೆಯಲ್ಲಿ ರೀಲರನು ರಾಶಿಯೊಳಗೆ ಕೈಯಾಡಿಸುತ್ತಾನೆ, ಒಂದೆರಡು ಗೂಡನ್ನು ಕತ್ತರಿಸಿ ನೋಡುತ್ತಾನೆ. ಅಂತರಜಾಲದ ಗಿರಾಕಿಗೆ ಆ ಭಾಗ್ಯವಿಲ್ಲ. ಅವನು ಮುಟ್ಟಿ ನೋಡಲಾರದುದನ್ನೆಲ್ಲ ನಾವೇ ಅವನ ಪರವಾಗಿ ಮುಟ್ಟಿ, ತೂಗಿ, ಅಳೆದು ಹೇಳಬೇಕು. ನಾಣ್ಯದ ಎರಡು ಮುಖಗಳನ್ನೂ ಅಂಚನ್ನೂ ಹಗಲ ಬೆಳಕಿನಲ್ಲಿ, ಬಿಳಿಯ ಕಾಗದದ ಮೇಲಿಟ್ಟು ಚಿತ್ರ ತೆಗೆಯಿರಿ. ತೂಕವನ್ನು ಗ್ರಾಮಿನಲ್ಲಿಯೂ ಅಗಲವನ್ನು ಮಿಲಿಮೀಟರಿನಲ್ಲಿಯೂ ಬರೆಯಿರಿ. ಕುಂದೇನಾದರೂ ಇದ್ದರೆ ಅದನ್ನೇ ಮೊದಲು ಹೇಳಿರಿ. ತಾಳಿಯ ಸರಕ್ಕೆ ಪೋಣಿಸಲೆಂದು ತೂತು ಕೊರೆದು ಮುಚ್ಚಿದ್ದರೆ, ಅಂಚು ಉಜ್ಜಿದ್ದರೆ, ಅದನ್ನು ಮರೆಮಾಚಿ ಪಡೆದ ಬೆಲೆಯು ವಾರದೊಳಗೆ ವಾಪಸಾಗುವುದು. ಜೊತೆಗೆ ಮಾರಿದವನ ಹೆಸರೂ ಕೆಡುವುದು.

ಗೃಹಿಣಿಯರಿಗೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಳೆಯ ನಾಣ್ಯವನ್ನು ಕಂಡೊಡನೆ ಹುಣಸೆಹಣ್ಣು ಹಚ್ಚಿ ಬೂದಿಯಿಂದ ತಿಕ್ಕಿ, ದೇವರ ಮನೆಯ ದೀಪದಂತೆ ಥಳಥಳಿಸುವಂತೆ ಮಾಡುವುದು ನಮ್ಮವರ ಕೈಯ ಗುಣ. ದೀಪಕ್ಕೆ ಅದು ಶೋಭೆ. ನಾಣ್ಯಕ್ಕೆ ಅದೇ ಮರಣ. ಕಾಲವು ಲೋಹದ ಮೇಲೆ ಕಟ್ಟಿದ ಕಂದು ಹೊದಿಕೆಯನ್ನು ಸಂಗ್ರಾಹಕರು ಬೆಲೆಯುಳ್ಳದ್ದೆಂದು ಎಣಿಸುವರು. ತಿಕ್ಕಿದ ನಾಣ್ಯದ ಮೇಲಿನ ಗೀರುಗಳನ್ನು ಅವರ ಕಣ್ಣು ಒಡನೆಯೇ ಹಿಡಿಯುವುದು. ಪೂಜೆಯ ಅರಿಸಿನ ಕುಂಕುಮ ಅಂಟಿದ್ದರೂ ಅಂಟಿದ ಹಾಗೆಯೇ ಇರಲಿ.

ಏನನ್ನು ಮಾರುತ್ತಿದ್ದೇವೆಂಬುದನ್ನು ಅರಿಯುವುದೂ ಅಷ್ಟೇ ಮುಖ್ಯ. ಆನೆಯ ಕಾಸುಗಳೆಲ್ಲ ಟಿಪ್ಪುವಿನವೆಂದು ಹೇಳುವ ವಾಡಿಕೆಯುಂಟು. ಹಿಮ್ಮುಖದಲ್ಲಿ ಪಾರಸಿಯ ಬರಹವಿದ್ದು ಕನ್ನಡವೇನೂ ಇಲ್ಲದಿದ್ದರೆ ಟಿಪ್ಪುವಿನದಾಗಿರಬಹುದು. ‘ಮಯಿಲಿ ಕಾಸು’ ಎಂಬ ಕನ್ನಡದ ಅಕ್ಷರಗಳೂ ಇಂಗ್ಲಿಷಿನ ಅಕ್ಷರಗಳೂ ಕಂಡರೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಬೆಳ್ಳಿಯ ರೂಪಾಯಿಯಲ್ಲಿ ಇಸವಿಯನ್ನು ನೋಡಬೇಕು. ೧೯೧೧ರಲ್ಲಿ ಹೊರಟ ಐದನೆಯ ಜಾರ್ಜನ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆಯು ಸೊಂಡಿಲು ಮೊಟಕಾಗಿ ಹಂದಿಯಂತೆ ಕಾಣುವುದೆಂದು ಜನರು ಆಕ್ಷೇಪಿಸಿದುದರಿಂದ, ೧೯೧೨ರಲ್ಲಿ ಅಚ್ಚನ್ನು ತಿದ್ದಲಾಯಿತು. ಆದಕಾರಣ ೧೯೧೧ರ ರೂಪಾಯಿಗೆ ಗಿರಾಕಿಗಳು ಹೆಚ್ಚು. ೧೯೩೯ನೆಯ ಇಸವಿಯ ರೂಪಾಯಿ ಇನ್ನೂ ವಿರಳ. ವಿರಳವಾದುದರಿಂದಲೇ ಅದರ ನಕಲುಗಳೂ ಉಂಟು. ನಿಮ್ಮ ಡಬ್ಬಿಯಲ್ಲಿ ಅಂಥದೊಂದು ಕಂಡರೆ ಹಿಗ್ಗುವುದಕ್ಕೆ ಮುಂಚೆ ಬಲ್ಲವರೊಬ್ಬರಿಗೆ ತೋರಿಸತಕ್ಕದ್ದು. ಖಚಿತವಾಗಿ ತಿಳಿಯದಿದ್ದಲ್ಲಿ ‘ಹೀಗೆಂದು ತೋರುತ್ತದೆ, ಖಾತರಿಯಿಲ್ಲ’ ಎಂದು ಬರೆದರೆ ಮಾನಹಾನಿಯೇನೂ ಇಲ್ಲ.

ಇನ್ನು ಕನಿಷ್ಠ ಬೆಲೆಯ ಪ್ರಶ್ನೆ. ಬೆಳ್ಳಿಯ ರೂಪಾಯಿಗೆ ಲೋಹವೇ ಅಡಿಗಲ್ಲು. ಹಳೆಯ ರೂಪಾಯಿಯ ತೂಕ ೧೧.೬೬ ಗ್ರಾಮು, ಸಾವಿರದಲ್ಲಿ ೯೧೭ ಪಾಲು ಬೆಳ್ಳಿ. ಎಂದರೆ ನಾಣ್ಯವೊಂದರಲ್ಲಿ ಸುಮಾರು ೧೦.೬೯ ಗ್ರಾಮು ಶುದ್ಧ ಬೆಳ್ಳಿಯಿರುವುದು. ೧೯೪೦ರಿಂದ ೧೯೪೫ರವರೆಗಿನವುಗಳಲ್ಲಿ ಬೆಳ್ಳಿ ಅರ್ಧ ಮಾತ್ರ, ೫.೮೩ ಗ್ರಾಮು, ೧೯೪೬ರಿಂದೀಚೆಗೆ ನಿಕಲ್ಲು. ಆ ದಿನದ ಬೆಳ್ಳಿಯ ಧಾರಣೆಯಿಂದ ಗುಣಿಸಿದರೆ ಅದಕ್ಕಿಂತ ಕೆಳಗೆ ಇಳಿಯಬಾರದ ಗೆರೆ ಸಿಕ್ಕುವುದು. ಹಾಗೆಂದು ಆಸೆಯ ಬೆಲೆಯನ್ನೇ ಆರಂಭದ ಬೆಲೆಯಾಗಿ ಇಡುವುದು ಅವಿವೇಕ. ಮೊದಲ ಸವಾಲಿಗೇ ಬಾಗಿಲು ಎತ್ತರವಾದರೆ ಒಬ್ಬನೂ ಒಳಗೆ ಕಾಲಿಡನು. ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಒಪ್ಪದ ರೈತನು ಮಾಲನ್ನು ಬಿಡದಿರುವಂತೆ, ‘ಇಷ್ಟಕ್ಕಿಂತ ಕಡಮೆಯಾದರೆ ಕೊಡೆನು’ ಎಂಬ ಗುಟ್ಟಿನ ಗಡಿಯನ್ನು ಗೊತ್ತುಮಾಡಿ, ಆರಂಭವನ್ನು ತಗ್ಗಿನಲ್ಲಿಡುವುದೇ ಲೇಸು. ಹರಾಜಿನ ಮನೆಯವರು ಈ ಗಡಿಗೆ ಒಪ್ಪುವರೋ, ಮಾರಿದವನಿಂದ ಎಷ್ಟು ಕಮಿಷನ್ನು ಹಿಡಿಯುವರೋ, ಮಾರಾಟವಾಗದಿದ್ದರೆ ಏನು ಶುಲ್ಕವೋ, ಇವನ್ನೆಲ್ಲ ನಾಣ್ಯವನ್ನು ಕೈಬಿಡುವುದಕ್ಕೆ ಮುಂಚೆಯೇ ಬರಹದಲ್ಲಿ ಪಡೆಯಬೇಕು.

ಹರಾಜು ಆರಂಭವಾಗಿ ನಾಲ್ಕೈದು ದಿವಸ ಕಳೆದರೂ ಸವಾಲು ಬಾರದಿದ್ದರೆ ಮನೆಯವರಿಗೆ ಎದೆ ಹಾರುವುದು ಸಹಜ. ಆಗ ಬೆಲೆಯನ್ನು ಇಳಿಸಲು ಆತುರಪಡಬಾರದು. ಗೊತ್ತಾದ ಗಳಿಗೆಗೆ ಮುಗಿಯುವ ಹರಾಜುಗಳಲ್ಲಿ ಅನುಭವಿಗಳಾದ ಗಿರಾಕಿಗಳು ಕೊನೆಯ ನಿಮಿಷದವರೆಗೆ ಬಾಯಿ ಬಿಡುವುದಿಲ್ಲ. ಆಲ್ವಿನ್ ರಾತ್, ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ವಿದ್ವಾಂಸರು ೨೦೦೨ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕೊನೆಯ ಸವಾಲಿನ ತರುವಾಯ ವೇಳೆಯು ಮುಂದುವರಿಯುವ ಹರಾಜಿಗಿಂತ ಗಡಿಯಾರಕ್ಕೆ ಕಟ್ಟಿದ ಹರಾಜಿನಲ್ಲಿ ಈ ಕೊನೆಗಳಿಗೆಯ ನುಗ್ಗಾಟ ಬಹಳವೆಂದು ತೋರಿಸಿದರು. ಮುಕ್ತಾಯದ ವೇಳೆಯು ನಡುರಾತ್ರಿಗೋ ಕೆಲಸದ ಹೊತ್ತಿಗೋ ಬೀಳದೆ, ಜನರು ಊಟ ಮುಗಿಸಿ ಬಿಡುವಾಗಿರುವ ಸಂಜೆಗೆ ಬೀಳುವಂತೆ ನೋಡಿಕೊಳ್ಳುವುದು ಅದಕ್ಕಾಗಿಯೇ.

ಈ ನಡುವೆ ಕಾಗದಗಳು ಬರುವುವು. ‘ಕೊನೆಯ ರೇಟು ಎಷ್ಟು ಹೇಳಿ, ಹರಾಜು ನಿಲ್ಲಿಸಿ ನನಗೇ ಕೊಟ್ಟುಬಿಡಿ’ ಎನ್ನುವವರು ಹಲವರು. ಇವರೆಲ್ಲ ಕಳ್ಳರೆಂದು ಹೇಳಲಾಗದು. ಆದರೆ ಎರಡನೆಯವನು ಬರುವುದಕ್ಕೆ ಮೊದಲೇ ಬಾಗಿಲು ಹಾಕಿಸುವುದು ಇವರ ಉದ್ದೇಶವೆಂಬುದನ್ನು ಮರೆಯಬಾರದು. ‘ಸ್ವಾಮಿ, ತಾವು ಬರೆದುದಕ್ಕೆ ಉಪಕಾರ. ನಾಣ್ಯವನ್ನು ಹರಾಜಿಗೆ ಇಟ್ಟಾಗಿದೆ. ತಮ್ಮ ಸವಾಲನ್ನು ಅಲ್ಲಿಯೇ ದಯಪಾಲಿಸಬೇಕು’ ಎಂಬ ಎರಡು ಸಾಲಿನ ಉತ್ತರ ಸಾಕು. ಒಬ್ಬನಾದರೂ ಸವಾಲು ಹಾಕಿದ ಮೇಲೆ ಒಳಗಿಂದೊಳಗೆ ಮಾರುವುದು ಮಾತು ತಪ್ಪಿದಂತೆಯೇ ಸರಿ. ಅಧಿಕ ಹಣ ಬರುವುದೆಂಬುದು ಅದಕ್ಕೆ ಸಮಾಧಾನವಾಗಲಾರದೆಂದು ನನ್ನ ಅಭಿಪ್ರಾಯ. ತೂಕವೆಷ್ಟು, ಅಂಚು ಹೇಗಿದೆ, ಇನ್ನೊಂದು ಚಿತ್ರ ಕಳುಹಿಸಬಲ್ಲಿರಾ ಎಂದು ಕೇಳುವಾತನೇ ನಿಜವಾದ ಗಿರಾಕಿ. ಅವನಿಗೆ ಅಂದೇ, ಎಷ್ಟು ಪ್ರಶ್ನೆ ಕೇಳಿದರೂ ಬೇಸರಿಸದೆ, ಉತ್ತರ ಬರೆಯಿರಿ.

ಸ್ವಂತದವರಿಂದಲೇ ಸವಾಲು ಹಾಕಿಸಿ ಬೆಲೆ ಏರಿಸುವ ಉಪಾಯವೂ ಕೆಲವರ ತಲೆಗೆ ಹೊಳೆಯುವುದು. ಭಾವಮೈದುನನು ಕೂಗಿದ ಸವಾಲೇ ಕೊನೆಯದಾದರೆ ನಾಣ್ಯವು ಮನೆಯಲ್ಲಿಯೇ ಉಳಿದು ಕಮಿಷನ್ನು ಮಾತ್ರ ಕೈಬಿಟ್ಟುಹೋಗುವುದು. ಅದು ಮೋಸವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ನಿಜವಾದ ಅಪಾಯವಿರುವುದು ಕೊಳ್ಳುವವನ ವೇಷದಲ್ಲಿ ಬಂದು ಮಾರುವವನಿಂದಲೇ ಹಣ ಕೀಳುವವರಲ್ಲಿ. ಇವರು ಚೌಕಾಸಿಯನ್ನೇ ಮಾಡರು. ಟ್ರ್ಯಾಕ್ಟರಿನ ನೋಟಿಗೆ ಕೇಳಿದಷ್ಟನ್ನೂ ಕೊಡಲು ಒಪ್ಪಿ, ನೋಂದಣಿಗೆ ಇಷ್ಟು, ತೆರಿಗೆಗೆ ಇಷ್ಟು, ಹಣ ತರುವ ಗಾಡಿಗೆ ಇಷ್ಟು ಎಂದು ಕಂತುಕಂತಾಗಿ ಕೀಳುವರು. ನಂಬಿಕೆ ಹುಟ್ಟಿಸಲು ರಿಸರ್ವ್ ಬ್ಯಾಂಕಿನ ಹೆಸರನ್ನೂ ಮುದ್ರೆಯನ್ನೂ ಕಳುಹಿಸುವರು. ೨೦೨೧ರ ಆಗಸ್ಟ್ ೪ರಂದು ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿ, ಹಳೆಯ ನೋಟು ನಾಣ್ಯಗಳ ಮಾರಾಟದಲ್ಲಿ ತಾನು ತೊಡಗಿಲ್ಲವೆಂದೂ, ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ತಾನು ಕೇಳುವುದಿಲ್ಲವೆಂದೂ, ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದೂ ತಿಳಿಸಿದೆ. ಮಾವಿನ ಮಂಡಿಯಲ್ಲಿ ಹಣ್ಣು ಮಾರಿದ ಮೇಲೆ ಕಮಿಷನ್ನು ಮುರಿದುಕೊಳ್ಳುವರೇ ಹೊರತು, ಹಣ್ಣು ನೋಡುವ ಮುಂಚೆ ರೈತನ ಜೇಬಿಗೆ ಕೈಹಾಕಿದವರುಂಟೇ? ಇದನ್ನು ಅಜ್ಜಿಯೂ ಮೊಮ್ಮಗನಿಗೆ ಕೇಳಬಹುದಾದ ಪ್ರಶ್ನೆ.

ಇನ್ನೊಂದು ಬಗೆಯವರು, ‘ಹಣ ಕಳುಹಿಸುತ್ತಿದ್ದೇನೆ, ಈ ಕ್ಯೂಆರ್ ಚಿತ್ರಕ್ಕೆ ಮೊಬೈಲು ಹಿಡಿದು ಪಿನ್ ಒತ್ತಿ’ ಎನ್ನುವರು. ಹಣ ಪಡೆಯುವವನು ಪಿನ್ ಒತ್ತಬೇಕಾಗಿಲ್ಲ; ಪಿನ್ ಒತ್ತುವುದು ಹಣ ಕೊಡುವವನು ಮಾತ್ರ. ಒತ್ತಿದೊಡನೆ ಖಾತೆಯಿಂದ ಹಣ ಹೊರಟಿತೆಂದೇ ತಿಳಿಯಿರಿ. ಹೀಗೆ ನಡೆದುಹೋದಲ್ಲಿ ನಾಚಿಕೆಯಿಂದ ಅಡಗಿಸದೆ, ಗಳಿಗೆಯನ್ನೂ ಕಳೆಯದೆ ೧೯೩೦ ಎಂಬ ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿ ತಡೆಯುವ ಸಂಭವ ಹೆಚ್ಚು.

ಪರದೇಶದ ಗಿರಾಕಿಯು ಬರೆದರೆ ಕಾನೂನನ್ನು ನೆನೆಯಬೇಕು. ೧೯೭೨ರ ಪ್ರಾಚೀನವಸ್ತುಗಳ ಕಾಯಿದೆಯು ನೂರು ವರ್ಷ ತುಂಬಿದ ನಾಣ್ಯವನ್ನೂ ಪ್ರಾಚೀನವಸ್ತುವೆಂದು ಎಣಿಸುತ್ತದೆ; ಖಾಸಗಿಯವರು ಅದನ್ನು ದೇಶದ ಹೊರಕ್ಕೆ ಕಳುಹಿಸುವಂತಿಲ್ಲ. ೧೯೧೧ರ ರೂಪಾಯಿಗೂ ಈಗ ನೂರು ತುಂಬಿದೆಯೆಂಬುದು ಹಲವರ ಗಮನಕ್ಕೆ ಬಂದಿರಲಾರದು. ಇಂಥ ವಸ್ತುಗಳ ವ್ಯಾಪಾರವನ್ನೇ ಕಸುಬಾಗಿ ನಡೆಸುವವರು ಲೈಸೆನ್ಸು ಪಡೆಯಬೇಕು. ಅಡಿಪಾಯ ತೆಗೆಯುವಾಗಲೋ ಉಳುವಾಗಲೋ ನೆಲದಲ್ಲಿ ದೊರೆತ ನಾಣ್ಯಗಳ ಕಥೆಯೇ ಬೇರೆ; ಅವು ನಿಧಿಯ ಕಾಯಿದೆಗೆ ಒಳಪಟ್ಟುವು, ಅಧಿಕಾರಿಗಳಿಗೆ ತಿಳಿಸತಕ್ಕವು, ಹರಾಜಿಗೆ ಇಡತಕ್ಕವಲ್ಲ.

ಮನೆಯೊಳಗಿನ ಒಪ್ಪಿಗೆಯ ಮಾತನ್ನು ಕೊನೆಗೆ ಹೇಳುತ್ತಿದ್ದರೂ ನಡೆಸುವಾಗ ಅದೇ ಮೊದಲು. ೨೦೦೯ರ ಮಾರ್ಚಿ ೫ರಂದು ನ್ಯೂಯಾರ್ಕಿನಲ್ಲಿ ಗಾಂಧೀಜಿಯವರ ಕನ್ನಡಕ, ಪಾದರಕ್ಷೆ, ಗಡಿಯಾರ, ತಟ್ಟೆ ಬಟ್ಟಲುಗಳು ಹರಾಜಾದುವು. ಅಂದಾಜು ೨೦ರಿಂದ ೩೦ ಸಾವಿರ ಡಾಲರು. ಕರ್ನಾಟಕದ ಉದ್ಯಮಿ ವಿಜಯ ಮಲ್ಯ ೧೮ ಲಕ್ಷ ಡಾಲರಿಗೆ ಅವನ್ನು ಹಿಡಿದರು. ಮಾರಲಿಟ್ಟ ಜೇಮ್ಸ್ ಓಟಿಸ್ ಎಂಬಾತನು ಕಡೆಯ ಹೊತ್ತಿನಲ್ಲಿ ಮನಸ್ಸು ಬದಲಿಸಿ ವಸ್ತುಗಳನ್ನು ಹಿಂದೆ ಕೇಳಿದರೂ ಹರಾಜು ನಿಲ್ಲಲಿಲ್ಲ. ಪಟ್ಟಿಗೆ ಸೇರಿದ ವಸ್ತುವಿನ ಮೇಲೆ ಹರಾಜಿನ ಮನೆಯವರಿಗೂ ಕರಾರಿನ ಹಕ್ಕು ಹುಟ್ಟುವುದು. ಆದಕಾರಣ ಅಜ್ಜಿಯ ಡಬ್ಬಿಯಲ್ಲಿ ಪಾಲುಳ್ಳ ಚಿಕ್ಕಪ್ಪ ದೊಡ್ಡಪ್ಪಂದಿರನ್ನೂ, ಬೇರೆ ಊರುಗಳಿಗೆ ಕೊಟ್ಟಿರುವ ಹೆಣ್ಣುಮಕ್ಕಳನ್ನೂ ಮೊದಲು ಕೇಳಬೇಕು. ಪೂಜೆಯ ರೂಪಾಯಿಯೊಂದನ್ನು ಅತ್ತೆಯವರು ಉಳಿಸಿಕೊಳ್ಳಬೇಕೆಂದರೆ ಅದು ಡಬ್ಬಿಗೇ ಮರಳಲಿ. ಅದಕ್ಕೆ ಲೆಕ್ಕ ಕಟ್ಟಬೇಡಿರಿ.

ಹಣವು ಬ್ಯಾಂಕಿನ ಖಾತೆಗೆ ಬಂದು ಸೇರಿದುದನ್ನು ಪಾಸುಪುಸ್ತಕದಲ್ಲಿಯೋ ಬ್ಯಾಂಕಿನವರಿಂದಲೋ ಖಚಿತಪಡಿಸಿಕೊಳ್ಳದೆ, ಗಿರಾಕಿಯು ಕಳುಹಿಸಿದ ರಸೀತಿಯ ಚಿತ್ರವನ್ನು ನಂಬಿ ನಾಣ್ಯವನ್ನು ಕಳುಹಿಸಬಾರದು. ಬಂದ ಮೇಲೆ ತಡಮಾಡಲೂ ಬಾರದು. ದಪ್ಪ ಕಾಗದದ ಎರಡು ತುಂಡುಗಳ ನಡುವೆ ನಾಣ್ಯವು ಅಲುಗದಂತೆ ಅಂಟಿಸಿ, ಕಟ್ಟುವಾಗಲೂ ಚಿತ್ರ ತೆಗೆದಿಟ್ಟುಕೊಂಡು, ಅಂಚೆಯಲ್ಲಿ ವಿಮೆ ಮಾಡಿಸಿ ಕಳುಹಿಸಿರಿ. ಲಕೋಟೆಯೊಳಗೆ ಒಂದು ಚೀಟಿಯನ್ನೂ ಇಡಿರಿ: ಈ ನಾಣ್ಯವು ಯಾವ ಊರಿನ ಮನೆಯಲ್ಲಿ, ಎಷ್ಟು ತಲೆಮಾರು, ಯಾವ ಕೆಲಸಕ್ಕಾಗಿ ಇದ್ದಿತೆಂಬುದನ್ನು ಅಜ್ಜಿಯನ್ನು ಕೇಳಿ ನಾಲ್ಕು ಸಾಲು ಬರೆದರೆ ಸಾಕು. ಸಂಗ್ರಾಹಕರು ಇಂಥ ಚೀಟಿಯನ್ನು ನಾಣ್ಯದೊಡನೆಯೇ ಜೋಪಾನ ಮಾಡುವರು. ಅವರು ಮುಂದೆಂದಾದರೂ ಅದನ್ನು ಹರಾಜಿಗಿಟ್ಟಾಗ ಯಲ್ದೂರಿನ ಹೆಸರೂ ಪಟ್ಟಿಯಲ್ಲಿ ಅಚ್ಚಾಗುವುದು.